ವಾಲ್ವ್ ಆಂಪ್ಲಿಫೈಯರ್ ಧ್ವನಿ ಮಂಕಾಗಿದೆಯೇ? ವಾಲ್ವ್ ಬದಲಿಸುವ ಮುನ್ನ ಇದನ್ನು ಓದಿ

ಅಟ್ಟದ ಮೇಲಿದ್ದ ವಾಲ್ವ್ ಆಂಪ್ಲಿಫೈಯರ್ ಮತ್ತೆ ಹಾಲ್‌ಗೆ ಬಂದಿದೆ. ಹಾಡೇನೋ ಕೇಳಿಸುತ್ತದೆ, ಆದರೆ ಕಂಬಳಿ ಹೊದಿಸಿದಂತೆ. ತಂಬೂರಿಯ ಝೇಂಕಾರವಿಲ್ಲ, ತಾಳದ ಕಿಣಿಕಿಣಿ ಇಲ್ಲ. ಯಾರನ್ನು ಕೇಳಿದರೂ ಒಂದೇ ಉತ್ತರ: “ವಾಲ್ವ್ ಹೋಗಿದೆ, ಪೂರ್ತಿ ಸೆಟ್ ಬದಲಿಸಿ.” ಇದು ನಿಜವೇ?

ಕೆಲವೊಮ್ಮೆ ಮಾತ್ರ. ಸವೆದ ವಾಲ್ವ್ ಸಾಮಾನ್ಯವಾಗಿ ಧ್ವನಿಯನ್ನು ಸಣ್ಣದಾಗಿಸುತ್ತದೆ ಅಥವಾ ಒಡೆದಂತೆ ಕೇಳಿಸುತ್ತದೆ. ಬರೀ ಮಂಕಾಗಿದ್ದರೆ ತಪ್ಪು ಹೆಚ್ಚಾಗಿ ಬೇರೆಡೆ ಇರುತ್ತದೆ.

“ವಾಲ್ವ್ ಅಂದರೆ ಮಂಕು ಧ್ವನಿಯೇ” ಎಂಬುದು ನಿಜವೇ?

ಅಲ್ಲ. 1947ರಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾದ ವಿಲಿಯಮ್‌ಸನ್ ಆಂಪ್ಲಿಫೈಯರ್ ವಾಲ್ವ್‌ನದೇ. ಅದು 20,000 ಹರ್ಟ್ಜ್‌ವರೆಗಿನ ಸ್ವರಗಳನ್ನು ಸಮನಾಗಿ ಕೊಡುತ್ತಿತ್ತು. ಮನುಷ್ಯನ ಕಿವಿಗೆ ಕೇಳಿಸುವ ಮಿತಿಯೂ ಸುಮಾರು ಅಷ್ಟೇ. ವಾಲ್ವ್ ಧ್ವನಿ ‘ಬೆಚ್ಚಗಿದೆ’ ಎನ್ನುವುದು ಬೇರೆ, ಮೇಲಿನ ಸ್ವರಗಳೇ ಮಾಯವಾಗುವುದು ಬೇರೆ.

ಮೊದಲು ಎಲ್ಲಿ ನೋಡಬೇಕು?

ಒಂದೇ ಹಾಡನ್ನು ಬೇರೆ ಬೇರೆ ಮೂಲಗಳಿಂದ ಹಾಕಿ: ಫೋನ್, ರೆಕಾರ್ಡ್ ಪ್ಲೇಯರ್, ಕ್ಯಾಸೆಟ್. ಒಂದರಲ್ಲಿ ಮಾತ್ರ ಮಂಕಾಗಿದ್ದರೆ ಆಂಪ್ಲಿಫೈಯರ್ ನಿರಪರಾಧಿ. ರೆಕಾರ್ಡ್ ಆದರೆ ಮುಳ್ಳಿಗೆ ಧೂಳು ಕಟ್ಟಿರಬಹುದು ಅಥವಾ ಮುಳ್ಳು ಸವೆದಿರಬಹುದು. ಕ್ಯಾಸೆಟ್ ಆದರೆ ಹೆಡ್ ಮೇಲಿನ ಕಂದು ಕೊಳೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ. ಡಾಲ್ಬಿ ಇಲ್ಲದೆ ರೆಕಾರ್ಡ್ ಆದ ಕ್ಯಾಸೆಟ್‌ಗೆ ಡಾಲ್ಬಿ ಸ್ವಿಚ್ ಹಾಕಿದರೂ ಧ್ವನಿ ಮಂಕಾಗುತ್ತದೆ. ಫೋನ್ ಆದರೆ ಈಕ್ವಲೈಜರ್ ಆಫ್ ಮಾಡಿ ನೋಡಿ.

ಎಲ್ಲದರಲ್ಲೂ ಮಂಕೇ? ಹಾಗಾದರೆ ಟ್ರೆಬಲ್ ಗುಂಡಿ ಎಲ್ಲಿದೆ ಎಂದು ನೋಡಿ. ಆಮೇಲೆ ಕೋಣೆ. ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಸಾಗುತ್ತವೆ. ದಪ್ಪ ಪರದೆ, ಸೋಫಾ, ಹಾಸಿಗೆ ಅವನ್ನು ಹೀರಿಕೊಳ್ಳುತ್ತವೆ. ಸ್ಪೀಕರ್ ಸೋಫಾದ ಹಿಂದೆ ಅಡಗಿದ್ದರೆ ಮುಂದೆ ತನ್ನಿ, ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಒಂದೇ ಕಡೆ ಮಂಕಾಗಿದ್ದರೆ?

ಆಗ ಅದಲು-ಬದಲು ಪರೀಕ್ಷೆ ಮಾಡಿ. ಪ್ರತಿ ಸಲವೂ ಆಂಪ್ಲಿಫೈಯರ್ ಆಫ್ ಮಾಡಿ, ಪ್ಲಗ್ ತೆಗೆದೇ ಮುಂದುವರಿಯಿರಿ.

1. ಎಡ-ಬಲ ಸ್ಪೀಕರ್ ವೈರ್‌ಗಳನ್ನು ಅದಲು-ಬದಲು ಮಾಡಿ. ಮಂಕು ಅದೇ ಡಬ್ಬದಲ್ಲಿ ಉಳಿದರೆ ದೋಷ ಸ್ಪೀಕರ್‌ನಲ್ಲಿದೆ. ಸಣ್ಣ ಧ್ವನಿಯಲ್ಲಿ ಹಾಡು ಹಾಕಿ, ನ್ಯೂಸ್‌ಪೇಪರ್ ಸುರುಳಿಯ ಒಂದು ತುದಿಯನ್ನು ಟ್ವೀಟರ್ ಬಳಿ, ಇನ್ನೊಂದನ್ನು ಕಿವಿಗೆ ಹಿಡಿಯಿರಿ. ಏನೂ ಕೇಳಿಸದಿದ್ದರೆ ಟ್ವೀಟರ್ ಅಥವಾ ಅದರ ದಾರಿಯಲ್ಲಿರುವ ಕೆಪಾಸಿಟರ್ ಹೋಗಿರಬಹುದು.

2. ಮಂಕು ಇನ್ನೊಂದು ಡಬ್ಬಕ್ಕೆ ಹೋದರೆ ಸ್ಪೀಕರ್ ಸರಿಯಿದೆ. ಸ್ಪೀಕರ್ ವೈರ್‌ಗಳನ್ನು ಮೊದಲಿನಂತೆ ಹಾಕಿ, ಈಗ ಪ್ಲೇಯರ್‌ನಿಂದ ಬರುವ ಎಡ-ಬಲ ವೈರ್‌ಗಳನ್ನು ಬದಲಿಸಿ. ಮಂಕು ಕಡೆ ಬದಲಿಸಿದರೆ ದೋಷ ಪ್ಲೇಯರ್ ಅಥವಾ ಅದರ ವೈರ್‌ನದು. ಬದಲಿಸದಿದ್ದರೆ ಆಂಪ್ಲಿಫೈಯರ್‌ನದು.

3. ಆಮೇಲಷ್ಟೇ ವಾಲ್ವ್. ಪೂರ್ತಿ ತಣ್ಣಗಾದ ಮೇಲೆ, ಹೊರಗಿನಿಂದಲೇ ಕೈಗೆ ಸಿಗುವಂತಿದ್ದರೆ, ಎರಡು ಕಡೆಯ ಒಂದೇ ನಂಬರಿನ ವಾಲ್ವ್‌ಗಳನ್ನು ಅದಲು-ಬದಲು ಮಾಡಿ. ಮಂಕು ವಾಲ್ವ್ ಜೊತೆಗೇ ಹೋದರೆ ಅದೊಂದನ್ನು ಬದಲಿಸುವ ಮಾತು ಬರುತ್ತದೆ. ಹೋಗದಿದ್ದರೆ ಒಳಗಿನ ಭಾಗಗಳ ದೋಷ. ಅದು ಮೆಕ್ಯಾನಿಕ್ ಕೆಲಸ.

ವಾಲ್ವ್‌ನೊಳಗೆ ‘ಕೆಂಪು ಪಾದರಸ’ ಇದೆಯೇ?

ಹಳೆಯ ರೇಡಿಯೋ, ಟಿವಿಗಳಲ್ಲಿ ಲಕ್ಷಾಂತರ ರೂಪಾಯಿಯ ಕೆಂಪು ಪಾದರಸವಿದೆ ಎನ್ನುವ ಫಾರ್ವರ್ಡ್ ಸುಳ್ಳು. ಅಂಥ ದುಬಾರಿ ವಸ್ತು ಇದೆ ಎನ್ನುವುದಕ್ಕೇ ಪುರಾವೆ ಇಲ್ಲ. ಗಾಜಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವುದು ಸಾಮಾನ್ಯವಾಗಿ ಬೇರಿಯಂ ಲೋಹದ ಲೇಪ. ಒಳಗೆ ಉಳಿದ ಗಾಳಿಯ ಅಂಶವನ್ನು ಹೀರುವುದು ಅದರ ಕೆಲಸ. ಆ ಹೊಳಪು ಹಾಲಿನಂತೆ ಬೆಳ್ಳಗಾದರೆ ಗಾಳಿ ಒಳನುಗ್ಗಿದೆ, ವಾಲ್ವ್ ಮುಗಿಯಿತು ಎಂದರ್ಥ. 1961ರಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಕೂಡ ರೇಡಿಯೋ ವಾಲ್ವ್ ತಯಾರಿ ಶುರು ಮಾಡಿತ್ತು. ಅಂಥ ಹಳೆಯ ವಾಲ್ವ್‌ಗಳನ್ನು ಪಾದರಸಕ್ಕಾಗಿ ಒಡೆದರೆ ಸಿಗುವುದು ಗಾಜಿನ ಚೂರು ಮಾತ್ರ.

ಏನು ಮಾಡಲೇಬಾರದು?

ಪೆಟ್ಟಿಗೆ ಬಿಚ್ಚಬೇಡಿ. ವಾಲ್ವ್ ಆಂಪ್ಲಿಫೈಯರ್ ಒಳಗೆ 300ರಿಂದ 500 ವೋಲ್ಟ್‌ವರೆಗೂ ಡಿಸಿ ವಿದ್ಯುತ್ ಇರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ‘ಸ್ವಿಚ್ ಆಫ್ ಮಾಡಿದ್ದೆ’ ಎನ್ನುವ ಧೈರ್ಯ ಇಲ್ಲಿ ಜೀವಕ್ಕೇ ಎರವಾಗಬಹುದು. ಸ್ಪೀಕರ್ ಜೋಡಿಸದೆ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ವಾಲ್ವ್‌ನೊಳಗಿನ ದೊಡ್ಡ ಲೋಹದ ತಗಡು ಕೆಂಪಗೆ ಕಾಯುತ್ತಿದ್ದರೆ ತಕ್ಷಣ ಆಫ್ ಮಾಡಿ.

ಕೊನೆಯದಾಗಿ, ಕಿವಿ

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನೇ. ಹಾಗಾಗಿ ಅದೇ ಹಾಡನ್ನು ಮನೆಯ ಹುಡುಗ-ಹುಡುಗಿಯರಿಗೆ ಕೇಳಿಸಿ. ಅವರಿಗೆ ತಾಳ ಸ್ಪಷ್ಟವಾಗಿ ಕೇಳಿಸಿ ಅಪ್ಪನಿಗೆ ಮಾತ್ರ ಕೇಳಿಸದಿದ್ದರೆ, ಬೇಕಿರುವುದು ಹೊಸ ವಾಲ್ವ್ ಅಲ್ಲ, ಶ್ರವಣ ಪರೀಕ್ಷೆ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ‘ನಾಳೆ ಸರಿಹೋಗುತ್ತೆ’ ಎಂದು ಕಾಯಬೇಡಿ. ಅಂದೇ ಇಎನ್‌ಟಿ ವೈದ್ಯರನ್ನು ಕಾಣಿ. ಬೇಗ ಚಿಕಿತ್ಸೆ ಸಿಕ್ಕರೆ ಶ್ರವಣ ಮರಳುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟೇ: ಮೂಲ, ಗುಂಡಿ, ಕೋಣೆ, ಸ್ಪೀಕರ್, ಆಮೇಲೆ ವಾಲ್ವ್. “ಪೂರ್ತಿ ಸೆಟ್ ಬದಲಿಸಿ” ಎನ್ನುವವರಿಗೆ ದುಡ್ಡು ಕೊಡುವ ಮುನ್ನ ಒಂದು ಸಂಜೆಯನ್ನು ಈ ಪರೀಕ್ಷೆಗೆ ಕೊಡಿ. ಹಳೆಯ ಸೆಟ್ ಇರುವ ಮನೆಯವರಿಗೂ ಇದನ್ನು ಕಳಿಸಿ.