ತಂಗಲು ಒಂದು ತಾವು

ಕ್ಯಾಸಂಬಳ್ಳಿ, ಬಂಗಾರಪೇಟೆ, ಕೆ.ಜಿ.ಎಫ್. ಸೀಮೆಯ ಚರಿತ್ರೆ ಎಂದರೆ ಚಿನ್ನದ ಚರಿತ್ರೆ ಎಂದೇ ನಾವು ಓದುತ್ತ ಬಂದಿದ್ದೇವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಗಳು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಇದೇ ಕೋಲಾರ ಜಿಲ್ಲೆಯ ಬಂಡೆಗಳಿಗೆ ಇನ್ನೊಂದು ಚರಿತ್ರೆಯೂ ಉಂಟು.

1994ರಲ್ಲಿ ಕಾಕ್ ಮತ್ತು ಭಾರ್ಗವಿ ಎಂಬ ವಿಜ್ಞಾನಿಗಳು ಇಲ್ಲಿನ ಒಂದು ಪುಟ್ಟ ಬಾವಲಿಯನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಅದೇ ಕೋಲಾರದ ಎಲೆಮೂಗಿನ ಬಾವಲಿ. ಮೂಗಿನ ಮೇಲೆ ಎಲೆಯಂಥ ಚರ್ಮದ ಮಡಿಕೆ, ಆಹಾರ ಹುಳುಹುಪ್ಪಟೆ. ಇಡೀ ಪ್ರಪಂಚದಲ್ಲಿ ಇದರ ನೆಲೆಯೆಂದು ಗೊತ್ತಾದದ್ದು ತೇರಹಳ್ಳಿ ಮತ್ತು ಹನುಮನಹಳ್ಳಿಯ ಗುಹೆಗಳು ಮಾತ್ರ. ಸುಮಾರು ಇಪ್ಪತ್ತು ವರ್ಷಗಳಲ್ಲಿ ತೇರಹಳ್ಳಿಯ ಗುಹೆ ಬರಿದಾಯಿತು. ಹನುಮನಹಳ್ಳಿಯಲ್ಲಿ ಉಳಿದವು 200ಕ್ಕೂ ಕಡಿಮೆ. ಅಲ್ಲಿಯೂ ಸುತ್ತಮುತ್ತ ಗ್ರಾನೈಟ್ ಗಣಿಗಾರಿಕೆ ನಡೆದಿತ್ತು.

ಗುಹೆ ಹೋದರೆ ಬೇರೆಡೆಗೆ ಹಾರಿಹೋಗಬಾರದೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಒಂದು ಶಾಲೆಯ ಕಥೆಯನ್ನು ನೋಡೋಣ. ವಾಕ್ಸ್ ಸ್ವಿಫ್ಟ್ ಎಂಬ ವಲಸೆ ಹಕ್ಕಿಗೆ ಕೊಂಬೆಯ ಮೇಲೆ ಕೂರಲು ಬಾರದು. ಒರಟಾದ ಗೋಡೆಗೆ ಉಗುರು ಊರಿ ಜೋತಾಡಬೇಕು. ಹಿಂದೆ ಟೊಳ್ಳು ಮರಗಳಿದ್ದವು. ಅವುಗಳನ್ನು ಕಡಿದ ಮೇಲೆ ಉಳಿದದ್ದು ಹಳೆಯ ಇಟ್ಟಿಗೆ ಚಿಮಣಿಗಳು. 1980ರ ದಶಕದಿಂದ ಪ್ರತಿ ಸೆಪ್ಟೆಂಬರಿನಲ್ಲಿ ಸಾವಿರಾರು ಸ್ವಿಫ್ಟ್‌ಗಳು ಚಾಪ್ಮನ್ ಶಾಲೆಯ ಚಿಮಣಿಯಲ್ಲಿ ರಾತ್ರಿ ತಂಗತೊಡಗಿದವು. ಅವು ದಕ್ಷಿಣಕ್ಕೆ ಹೊರಡುವವರೆಗೆ ಶಾಲೆಯವರು ಬಾಯ್ಲರ್ ಹೊತ್ತಿಸಲಿಲ್ಲ. ಮಕ್ಕಳು ಸ್ವೆಟರು, ಕೋಟು ತೊಟ್ಟು ಪಾಠ ಕೇಳಿದರು! ಮುಂದೆ ಶಾಲೆಗೆ ಬೇರೆ ಶಾಖ ವ್ಯವಸ್ಥೆ ಬಂದು, ಚಿಮಣಿ ಹಕ್ಕಿಗಳಿಗೇ ಉಳಿಯಿತು. ಮಕ್ಕಳೇ ಚಳಿ ಸಹಿಸಿದರು ಎಂಬುದು ನನಗೆ ಈ ಕಥೆಯ ಮುಖ್ಯ ಸಂಗತಿ.

ಬಾವಲಿಗೂ ಅಷ್ಟೇ. ಹಗಲಿಡೀ ಕತ್ತಲು, ಹದವಾದ ತೇವ, ಅಲುಗದ ಕಲ್ಲಿನ ಚಾವಣಿ ಬೇಕು. ಎಲ್ಲ ಬಂಡೆಯ ಸಂದಿನಲ್ಲೂ ಇವು ಸಿಗವು. ಆದರೆ ಅದಕ್ಕೆ ಹಕ್ಕಿಯ ಚೆಲುವಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೂ ಹಣ್ಣು ತಿನ್ನುವ ಬಾವಲಿಗಳನ್ನು ಉಪದ್ರವಿಗಳ ಪಟ್ಟಿಗೇ ಸೇರಿಸಿತ್ತು; ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಿಂದ.

ಹನುಮನಹಳ್ಳಿಯ ಮಟ್ಟಿಗೆ ಕಣ್ಣು ತೆರೆದದ್ದು ಸ್ವಲ್ಪ ಮುಂಚೆಯೇ. ಈ ಬಾವಲಿಯನ್ನು 2016ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಗಾಗಿ ಪರಿಶೀಲಿಸಿ, ಅಳಿವಿನ ತೀವ್ರ ಅಪಾಯದಲ್ಲಿದೆ ಎಂದು ಗುರುತಿಸಲಾಯಿತು. ರಾಜ್ಯ ಸರ್ಕಾರ ಗುಹೆಯ ಸುತ್ತಲ ಸುಮಾರು 30 ಎಕರೆಯನ್ನು ಸಂರಕ್ಷಿತವೆಂದು ಘೋಷಿಸಿತು. ಹಗಲಿನ ನಿದ್ರೆಗೆ ಅದು ಸಾಕು. ಕತ್ತಲಾದ ಮೇಲೆ ಹುಳು ಹುಡುಕುತ್ತ ಅವು ಆ ಗಡಿಯನ್ನು ದಾಟುತ್ತವೆ. ಆಚೆಗಿನ ಹೊಲ, ಕುರುಚಲು, ಗುಡ್ಡಗಳು ಆ ಘೋಷಣೆಯ ಹೊರಗೇ ಇವೆ.