ವರ್ಷದ ಕೊನೆಯ ಎಂಟು ಮಂದಿ: ಡಬ್ಲ್ಯುಟಿಎ ಫೈನಲ್ಸ್‌ಗೆ ದುಡ್ಡು ಹಾಕೋದು ಯಾರು?

2025ರ ನವೆಂಬರ್ 8ರಂದು ರಿಯಾದ್‌ನಲ್ಲಿ ಕಝಾಕಿಸ್ತಾನದ ಎಲೆನಾ ರೈಬಾಕಿನಾ ವಿಶ್ವದ ನಂಬರ್ 1 ಆಟಗಾರ್ತಿ ಅರೀನಾ ಸಬಲೆಂಕಾ ಅವರನ್ನು 6-3, 7-6ರಿಂದ ಸೋಲಿಸಿದರು. ಒಂದೂ ಪಂದ್ಯ ಸೋಲದೆ ಗೆದ್ದಿದ್ದಕ್ಕೆ ಸಿಕ್ಕಿದ್ದು 52.35 ಲಕ್ಷ ಡಾಲರ್. ಮಹಿಳಾ ಕ್ರೀಡೆಯಲ್ಲಿ ಒಂದೇ ಟೂರ್ನಿಗೆ ಇಷ್ಟು ದೊಡ್ಡ ಬಹುಮಾನ ಅದಕ್ಕೂ ಮೊದಲು ಯಾರಿಗೂ ಸಿಕ್ಕಿರಲಿಲ್ಲ. ಟೂರ್ನಿ ನಡೆಸಿದ್ದು 2018ರವರೆಗೂ ಹೆಂಗಸರಿಗೆ ಕಾರು ಓಡಿಸಲು ಬಿಡದಿದ್ದ ದೇಶ.

ಇದು ಹೇಗಾಯ್ತು ಅಂತ ತಿಳಿಯೋಕೆ ಮೊದಲು ಟೂರ್ನಿಯನ್ನು ಅರ್ಥ ಮಾಡಿಕೊಳ್ಳೋಣ.

ಏನಿದು ಟೂರ್ನಿ?

ಡಬ್ಲ್ಯುಟಿಎ ಫೈನಲ್ಸ್ ಮಹಿಳಾ ವೃತ್ತಿಪರ ಟೆನಿಸ್‌ನ ವರ್ಷಾಂತ್ಯದ ಟೂರ್ನಿ. ಆ ವರ್ಷ ಗಳಿಸಿದ ಅಂಕಗಳ ಆಧಾರದಲ್ಲಿ ಸಿಂಗಲ್ಸ್‌ಗೆ ಎಂಟೇ ಮಂದಿ ಅರ್ಹರು. ಮೊದಲ ಏಳು ಸ್ಥಾನದವರಿಗೆ ನೇರ ಪ್ರವೇಶ. ಎಂಟನೇ ಜಾಗ, ಆ ವರ್ಷ ಗ್ರ್ಯಾಂಡ್ ಸ್ಲಾಮ್ ಗೆದ್ದು 8ರಿಂದ 20ರೊಳಗೆ ಇರುವವರಿಗೆ. ಅಂಥವರಿಲ್ಲದಿದ್ದರೆ ಎಂಟನೇ ಸ್ಥಾನದವರಿಗೆ.

ನಾಲ್ಕು ಜನರ ಎರಡು ಗುಂಪು. ಗುಂಪಿನೊಳಗೆ ಎಲ್ಲರೂ ಎಲ್ಲರ ಜೊತೆ ಆಡಬೇಕು, ಮೊದಲಿಬ್ಬರು ಸೆಮಿಫೈನಲ್‌ಗೆ. ಅಂದರೆ ಇಲ್ಲಿ ಒಂದು ಪಂದ್ಯ ಸೋತವರೂ ಚಾಂಪಿಯನ್ ಆಗಬಹುದು. ಗ್ರ್ಯಾಂಡ್ ಸ್ಲಾಮ್‌ನಲ್ಲಿ ಆ ಮಾತೇ ಇಲ್ಲ. ಒಂದೂ ಸೋಲದೆ ಗೆದ್ದರೆ 1,500 ಅಂಕ. 1984ರಿಂದ 1998ರವರೆಗೆ ಇದರ ಫೈನಲ್ ಐದು ಸೆಟ್‌ಗಳದ್ದಾಗಿತ್ತು. ಹೆಂಗಸರಿಗೆ ಐದು ಸೆಟ್ ಆಡುವ ತಾಕತ್ತಿಲ್ಲ ಅನ್ನುವವರಿಗೆ ಈ ಮಾಹಿತಿ ಕಳಿಸಿ.

ಯಾರ ದುಡ್ಡು?

1970ರಲ್ಲಿ ಲಾಸ್ ಏಂಜಲೀಸ್‌ನ ಒಂದು ಟೂರ್ನಿ ಹೆಂಗಸರಿಗೆ ಇಟ್ಟ ಬಹುಮಾನ ಗಂಡಸರದ್ದರ ಸುಮಾರು ಎಂಟನೇ ಒಂದು ಭಾಗ. ಅದನ್ನು ಧಿಕ್ಕರಿಸಿ ಬಿಲ್ಲಿ ಜೀನ್ ಕಿಂಗ್ ಸೇರಿ ಒಂಬತ್ತು ಆಟಗಾರ್ತಿಯರು ಪತ್ರಿಕೆಯೊಂದರ ಒಡತಿ ಗ್ಲಾಡಿಸ್ ಹೆಲ್ಡ್‌ಮನ್ ಜೊತೆ ತಲಾ ಒಂದು ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದರು. ಇವರ ಬೆನ್ನಿಗೆ ನಿಂತ ಪ್ರಾಯೋಜಕರು ಯಾರು ಗೊತ್ತಾ? ವರ್ಜೀನಿಯಾ ಸ್ಲಿಮ್ಸ್, ಹೆಂಗಸರಿಗೆಂದೇ ಮಾಡಿದ ಸಿಗರೇಟು. 1972ರಲ್ಲಿ ಫ್ಲೋರಿಡಾದಲ್ಲಿ ಶುರುವಾದ ಈ ವರ್ಷಾಂತ್ಯದ ಟೂರ್ನಿ, ನಡುವೆ ಕೆಲವು ವರ್ಷ ಬಿಟ್ಟರೆ, 1994ರವರೆಗೂ ಆ ಸಿಗರೇಟಿನ ಹೆಸರಲ್ಲೇ ನಡೆಯಿತು. ಮೊದಲ ಚಾಂಪಿಯನ್ 17 ವರ್ಷದ ಕ್ರಿಸ್ ಎವರ್ಟ್.

ಮುಂದೆ ಚೀನಾ. 2019ರಲ್ಲಿ ಹತ್ತು ವರ್ಷದ ಒಪ್ಪಂದದೊಂದಿಗೆ ಟೂರ್ನಿ ಶೆನ್ಝೆನ್‌ಗೆ ಹೋಯಿತು. ಆಶ್ಲೀ ಬಾರ್ಟಿ ಗೆದ್ದ 44.2 ಲಕ್ಷ ಡಾಲರ್, ಆಗ ಗಂಡು-ಹೆಣ್ಣು ಇಬ್ಬರನ್ನೂ ಸೇರಿಸಿ ಟೆನಿಸ್‌ನಲ್ಲೇ ಅತಿ ದೊಡ್ಡ ಬಹುಮಾನ. 2020ರಲ್ಲಿ ಕೋವಿಡ್. 2021ರ ನವೆಂಬರ್‌ನಲ್ಲಿ ಆಟಗಾರ್ತಿ ಪೆಂಗ್ ಶುವೈ, ಚೀನಾದ ಮಾಜಿ ಉಪಪ್ರಧಾನಿಯ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿ ಪೋಸ್ಟ್ ಹಾಕಿದರು. ಪೋಸ್ಟ್ ಮಾಯವಾಯಿತು, ಕೆಲ ದಿನ ಅವರೂ ಕಾಣಲಿಲ್ಲ. ಡಬ್ಲ್ಯುಟಿಎ ಚೀನಾದ ಎಲ್ಲ ಟೂರ್ನಿಗಳನ್ನು ಅಮಾನತು ಮಾಡಿತು. ಕ್ರೀಡಾ ಸಂಸ್ಥೆಗಳಲ್ಲಿ ಅಪರೂಪದ ಧೈರ್ಯ ಅದು. ಆದರೆ ಕೇಳಿದ ತನಿಖೆ ಆಗದೇ ಇದ್ದರೂ 2023ರ ಏಪ್ರಿಲ್‌ನಲ್ಲಿ ಅಮಾನತು ತೆಗೆಯಿತು.

ಫೈನಲ್ಸ್ ಮಾತ್ರ ಅಲೆಮಾರಿಯಾಯಿತು: ಗ್ವಾದಲಹಾರಾ, ಫೋರ್ಟ್ ವರ್ತ್, ಕಾನ್‌ಕೂನ್. ಕಾನ್‌ಕೂನ್‌ನ ತಾತ್ಕಾಲಿಕ ಅಂಕಣದ ಬಗ್ಗೆ ಆಟಗಾರ್ತಿಯರೇ ಬಹಿರಂಗವಾಗಿ ಸಿಟ್ಟಾದರು. ಆಮೇಲೆ ಬಂದಿದ್ದು 2024ರಿಂದ 2026ರವರೆಗಿನ ಸೌದಿ ಒಪ್ಪಂದ. ಗಲ್ಫ್ ಹೊಸದೇನಲ್ಲ, 2008ರಿಂದ 2010ರವರೆಗೆ ದೋಹಾದಲ್ಲಿ ಆಡಿದ್ದರು. ಆದರೂ ಸೌದಿ ಬೇಡ ಅಂತ ಕ್ರಿಸ್ ಎವರ್ಟ್ ಮತ್ತು ಮಾರ್ಟಿನಾ ನವ್ರಾಟಿಲೋವಾ ಪತ್ರಿಕೆಯಲ್ಲಿ ಬರೆದರು. ಒಳಗೆ ಹೋಗದೆ ಬದಲಾವಣೆ ಸಾಧ್ಯವಿಲ್ಲ ಅನ್ನೋದು ಬಿಲ್ಲಿ ಜೀನ್ ಕಿಂಗ್ ವಾದ. ಇನ್ನೊಂದು ಸೋಜಿಗ: ಆಟಗಾರ್ತಿಯರಿಗೆ 12 ತಿಂಗಳವರೆಗೆ ವೇತನಸಹಿತ ಹೆರಿಗೆ ರಜೆ ಕೊಡುವ 2025ರ ಯೋಜನೆಗೂ ಸೌದಿ ಸರ್ಕಾರಿ ನಿಧಿಯದ್ದೇ ದುಡ್ಡು.

ನಮಗೇನು ಸಂಬಂಧ?

ಸಿಂಗಲ್ಸ್‌ನಲ್ಲಿ ಭಾರತದ ಯಾರೂ ಇಲ್ಲಿಗೆ ತಲುಪಿಲ್ಲ. ಸಾನಿಯಾ ಮಿರ್ಜಾ ಅವರ ಅತ್ಯುತ್ತಮ ಸಿಂಗಲ್ಸ್ ರ‍್ಯಾಂಕ್ 27. ಡಬಲ್ಸ್‌ನಲ್ಲಿ ಅವರು 2014ರಲ್ಲಿ ಕಾರಾ ಬ್ಲ್ಯಾಕ್ ಜೊತೆ, 2015ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ಇದೇ ಟೂರ್ನಿ ಗೆದ್ದರು. 2008ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಕಣದಲ್ಲಿ ಸೆರೆನಾ ವಿಲಿಯಮ್ಸ್ ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್ ಅವರನ್ನು ಸೋಲಿಸಿ ಪ್ರಶಸ್ತಿ ಗೆದ್ದರು. ಆ ಟೂರ್ನಿಯಿಂದ ಸಾನಿಯಾ ದೂರ ಉಳಿದಿದ್ದರು. ತವರಿನಲ್ಲಿ ಆಡಿದಾಗಲೆಲ್ಲ ಸುತ್ತಿಕೊಳ್ಳುತ್ತಿದ್ದ ವಿವಾದಗಳಿಂದ ಬೇಸತ್ತು. ಸೌದಿಯತ್ತ ಬೆರಳು ತೋರಿಸುವ ಮುಂಚೆ ಇದನ್ನೂ ನೆನಪಿಡೋಣ.

ಕುದುರೆಮುಖದಿಂದ ನೋಡಿದರೆ

ನಮ್ಮೂರು ಕಳಸ. ಪಕ್ಕದ ಕುದುರೆಮುಖದ ಗಣಿ ಕಂಪನಿ 1976ರಲ್ಲಿ ಹುಟ್ಟಿದ್ದೇ ಇರಾನಿಗೆ ಅದಿರು ಕಳಿಸಲು, ಶಾ ಸರ್ಕಾರದ ಸಾಲ ನಂಬಿ. 1979ರಲ್ಲಿ ಅಲ್ಲಿ ಕ್ರಾಂತಿ ಆಯ್ತು. ದುಡ್ಡೂ ಇಲ್ಲ, ಗಿರಾಕಿಯೂ ಇಲ್ಲ. ಭಾರತ ಸರ್ಕಾರ ಕೈಹಿಡಿದಿದ್ದರಿಂದ ಯೋಜನೆ ಉಳಿಯಿತು. ಕಾಡು, ಭದ್ರೆಯ ಉಳಿವಿಗಾಗಿ ನಡೆದ ಹೋರಾಟದ ಬಳಿಕ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದು ಸರಿಯಾದ ತೀರ್ಪೇ. ಆದರೆ ಒಂದೇ ಕಸುಬನ್ನು ನೆಚ್ಚಿಕೊಂಡಿದ್ದ ಟೌನ್‌ಶಿಪ್ ಖಾಲಿಯಾಯಿತು.

ಹಾಗಾಗಿ ದುಡ್ಡು ಯಾರದ್ದು ಅನ್ನೋದಕ್ಕಿಂತ, ಎಷ್ಟು ಮಂದಿಯದ್ದು ಅನ್ನೋದೇ ನನಗೆ ಮುಖ್ಯ. ಬಹುಮಾನ, ರ‍್ಯಾಂಕಿಂಗ್ ಪ್ರಾಯೋಜಕತ್ವ, ಹೆರಿಗೆ ರಜೆ ಎಲ್ಲಕ್ಕೂ ಒಂದೇ ದೇಶವನ್ನು ನೆಚ್ಚಿಕೊಂಡ ಸಂಸ್ಥೆ, ನಾಳೆ ಇನ್ನೊಬ್ಬ ಪೆಂಗ್ ಶುವೈ ಪರ ಎದ್ದು ನಿಲ್ಲೋದು ಕಷ್ಟ. ಮುಂದಿನ ಆತಿಥೇಯರ ಹೆಸರು ಬಂದಾಗ ಬಹುಮಾನದ ಮೊತ್ತವಷ್ಟೇ ಅಲ್ಲ, ಮೂರು ವಿಷಯ ನೋಡಿ: ಒಪ್ಪಂದ ಎಷ್ಟು ವರ್ಷದ್ದು, ಮುರಿಯೋ ಹಕ್ಕು ಯಾರಿಗಿದೆ, ಆಟಗಾರ್ತಿ ಬಾಯಿಬಿಟ್ಟರೆ ಏನಾಗುತ್ತೆ.