ಮರಳಿನ ರಾಶಿಯೂ ಗುರುತ್ವವೂ: ಒಂದು ಸಂಶೋಧನೆಯ ಇತಿಹಾಸ

ಘನ, ದ್ರವ, ಅನಿಲ ಎಂಬ ಮೂರು ವರ್ಗಗಳಲ್ಲಿ ಯಾವುದಕ್ಕೂ ಸಲೀಸಾಗಿ ಸೇರದ ವಸ್ತು ಮರಳು. ಅದು ನೀರಿನಂತೆ ಹರಿಯುತ್ತದೆ. ಹರಿದ ಮೇಲೆ ಧಾನ್ಯದಂತೆ ರಾಶಿಯಾಗಿ ನಿಲ್ಲುತ್ತದೆ. ಈ ಎರಡು ಗುಣಗಳಿಗೂ ಗುರುತ್ವವೇ ಆಧಾರ. ಗುರುತ್ವವು ಬದಲಾದರೆ ರಾಶಿಯ ನಡತೆ ಏನಾಗುವುದೆಂಬ ಪ್ರಶ್ನೆ ಮಾತ್ರ ಬಹುಕಾಲ ಪರೀಕ್ಷೆಗೆ ಎಟುಕಲಿಲ್ಲ.

ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಹಿಂದಿರುಗಿದ ಫ್ರೆಂಚ್ ಸೇನಾ ಎಂಜಿನಿಯರ್ ಕೂಲಂಬನು, ಗೋಡೆಗಳ ಮೇಲೆ ಮಣ್ಣು ಹೇರುವ ಒತ್ತಡವನ್ನು ಕುರಿತ ಪ್ರಬಂಧವನ್ನು 1773ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದನು. ಒತ್ತಾಗಿ ಕೂತ ಮರಳು ಜರುಗಬೇಕಾದರೆ ಮೊದಲು ಹಿಗ್ಗಬೇಕೆಂಬುದನ್ನು 1885ರಲ್ಲಿ ರೇನಾಲ್ಡ್ಸನು ವಿವರಿಸಿದನು. ಒದ್ದೆ ಮರಳಿನ ತೀರದಲ್ಲಿ ಕಾಲಿಟ್ಟೊಡನೆ ಪಾದದ ಸುತ್ತಣ ಮರಳು ಒಣಗಿದಂತೆ ತೋರುವುದು ಇದರಿಂದಲೇ. ಕಣಜದ ತಳದ ಮೇಲಿನ ಒತ್ತಡವು ಒಂದು ಮಿತಿಯಾಚೆ ಏರುವುದಿಲ್ಲವೆಂದೂ, ಉಳಿದ ಭಾರವನ್ನು ಘರ್ಷಣೆಯ ಮೂಲಕ ಗೋಡೆಗಳೇ ಹೊರುತ್ತವೆಂದೂ ಬ್ರೆಮೆನ್ ನಗರದ ಎಂಜಿನಿಯರ್ ಯಾನ್‌ಸೆನ್ನನು 1895ರಲ್ಲಿ ತೋರಿಸಿದನು. ಇವರೆಲ್ಲರೂ ಅಳೆದದ್ದು ಭೂಮಿಯ ಗುರುತ್ವದಲ್ಲಿಯೇ.

ಚಂದ್ರಯಾನದ ಕಾಲಕ್ಕೆ ಈ ಮಿತಿಯು ಅಪಾಯಕರವಾಗಿ ಕಂಡಿತು. ಚಂದ್ರನ ಮೇಲೆ ಆಳವಾದ ಧೂಳಿನ ಪದರಗಳಿರಬಹುದೆಂದು 1955ರಲ್ಲಿಯೇ ಥಾಮಸ್ ಗೋಲ್ಡ್ ಸೂಚಿಸಿದ್ದರು. 1966ರ ಫೆಬ್ರವರಿಯಲ್ಲಿ ಇಳಿದ ಲೂನಾ-9 ಹುದುಗಿಹೋಗಲಿಲ್ಲ. 1967ರಲ್ಲಿ ಸರ್ವೇಯರ್-3 ಅಲ್ಲಿಯ ನೆಲವನ್ನು ಅಗೆದೇ ನೋಡಿತು. ಆದರೂ ಸಮಸ್ಯೆ ತೀರಲಿಲ್ಲ. ಮಂಗಳನ ಮೇಲೆ ಸ್ಪಿರಿಟ್ ಎಂಬ ಸಂಚಾರಿ ಯಂತ್ರವು 2009ರಲ್ಲಿ ಸಡಿಲ ಮಣ್ಣಿನಲ್ಲಿ ಸಿಲುಕಿ ಮತ್ತೆ ಹೊರಬರಲಿಲ್ಲ.

ಗುರುತ್ವವನ್ನು ಮಾರ್ಪಡಿಸಲು ವಿಜ್ಞಾನಿಗಳು ಹಿಡಿದ ಮಾರ್ಗಗಳು ಹಲವು. 1990ರಲ್ಲಿ ಆರಂಭವಾದ ಬ್ರೆಮೆನ್ ಪತನಗೋಪುರದಲ್ಲಿ ಬೀಳುವ ಪೆಟ್ಟಿಗೆಗೆ 4.74 ಸೆಕೆಂಡುಗಳ ತೂಕರಹಿತ ಸ್ಥಿತಿ ದೊರೆಯುತ್ತದೆ. ಪರವಲಯಪಥದಲ್ಲಿ ಹಾರುವ ವಿಮಾನದಲ್ಲಿ ಸುಮಾರು 20 ಸೆಕೆಂಡು. ಗುರುತ್ವವನ್ನು ಹೆಚ್ಚಿಸಲು ಕೇಂದ್ರಾಪಗಾಮಿ ಯಂತ್ರವುಂಟು. 1996 ಮತ್ತು 1998ರಲ್ಲಿ ಸ್ಟೈನ್ ಸ್ಟೂರ್ ಅವರ ತಂಡವು ಬಾಹ್ಯಾಕಾಶ ನೌಕೆಯಲ್ಲಿ ಮರಳಿನ ಸ್ತಂಭಗಳನ್ನು ಅಮುಕಿ ನೋಡಿದಾಗ, ಅವುಗಳ ಬಲವು ರೂಢಿಯ ಗಣನೆಗಿಂತ ಎರಡು ಮೂರು ಪಟ್ಟು ಹೆಚ್ಚೆಂದು ಕಂಡುಬಂದಿತು. ಇದೇ ಪ್ರಯೋಗವನ್ನು ಮುಂದುವರಿಸಿದ ಕೊಲಂಬಿಯಾ ನೌಕೆಯು 2003ರ ಫೆಬ್ರವರಿ 1ರಂದು ನಾಶವಾಗಿ, ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ಮಡಿದರು. 2020ರಲ್ಲಿ ಬೆನ್ನು ಕ್ಷುದ್ರಗ್ರಹವನ್ನು ಮುಟ್ಟಿದ ಯಂತ್ರದ ತೋಳಿಗೆ ಆ ನೆಲವು ಬಹುಮಟ್ಟಿಗೆ ಪ್ರತಿರೋಧವನ್ನೇ ಒಡ್ಡಲಿಲ್ಲ.

ಈ ಇತಿಹಾಸದಲ್ಲಿ ಶಾಲಾಶಿಕ್ಷಕರಿಗೂ ಸ್ಥಾನವುಂಟು. 1986ರಲ್ಲಿ ಚಾಲೆಂಜರ್ ದುರಂತದಲ್ಲಿ ಮಡಿದ ಕ್ರಿಸ್ಟಾ ಮೆಕಾಲಿಫ್ ಶಿಕ್ಷಕಿ. ಅವರಿಗೆ ಬದಲಿಯಾಗಿ ತರಬೇತಿ ಪಡೆದಿದ್ದ ಬಾರ್ಬರಾ ಮಾರ್ಗನ್ 2007ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದರು. ಅಮೆರಿಕದಲ್ಲಿ ಶಿಕ್ಷಕರ ತಂಡಗಳು ಪರವಲಯ ವಿಮಾನಗಳಲ್ಲಿ ತಮ್ಮ ಪ್ರಯೋಗಗಳನ್ನು ನಡೆಸಿದುವು; ಬೇಸಗೆಯ ರಜೆಯಲ್ಲಿ ಶಿಕ್ಷಕರನ್ನು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಗಳಿಗೆ ಸೇರಿಸಿಕೊಳ್ಳುವ ಯೋಜನೆಯನ್ನು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಪೋಷಿಸಿತು. ಕಣವಸ್ತುಗಳ ಅಧ್ಯಯನವು ಇಂತಹ ಸಹಯೋಗಕ್ಕೆ ವಿಶೇಷವಾಗಿ ಒಪ್ಪುತ್ತದೆ. ಮರಳುಗಡಿಯಾರವೊಂದನ್ನು ಕೈಬಿಟ್ಟು, ಅದು ಮೆತ್ತೆಯ ಮೇಲೆ ಬೀಳುವ ತನಕ ಚಿತ್ರೀಕರಿಸಿದರೆ, ಗಡಿಯಾರವೂ ಮರಳೂ ಒಟ್ಟಿಗೆ ಒಂದೇ ವೇಗೋತ್ಕರ್ಷದಿಂದ ಬೀಳುವುದರಿಂದ ಮರಳಿನ ಹರಿವು ನಿಲ್ಲುವುದನ್ನು ವಿದ್ಯಾರ್ಥಿಯೇ ಕಾಣಬಹುದು. ಪತನಗೋಪುರದ ತತ್ತ್ವವೂ ಇದೇ. ಅಲ್ಲಿ ಬಿಡಿಸದೆ ಉಳಿದಿರುವ ಪ್ರಶ್ನೆಯನ್ನು ಕೈಯಾರೆ ಪರೀಕ್ಷಿಸಿ ಬಂದ ಶಿಕ್ಷಕನು, ವಿಜ್ಞಾನವು ಮುಗಿದ ಪಾಠವಲ್ಲವೆಂಬುದನ್ನು ತರಗತಿಗೆ ಸಾಕ್ಷ್ಯಸಹಿತ ಹೇಳಬಲ್ಲನು.